ಅಧ್ಯಕ್ಷರು ಬರೀ ವೀಕ್ಷಕರು

ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತಿದವನಿಗೆ ಎರಡು ಕೈ ಇರುತ್ತವೆ. ಆದರೆ ಅವು ಅವನ ಮಾತು ಕೇಳುವುದಿಲ್ಲ. ಒಂದು ಮೇಲೆ ಹಿಡಿಕೆಯಲ್ಲಿ, ಇನ್ನೊಂದು ಯಾರದೋ ಬೆನ್ನಿಗೂ ಯಾರದೋ ಟಿಫಿನ್ ಡಬ್ಬಿಗೂ ನಡುವೆ. ಬ್ಯಾಗು ಎದೆ ಮೇಲೆ, ಅದರೊಳಗೆ ಫೋನು. ಮೊನ್ನೆ ದಿವಾ ಬರುವ ಮೊದಲೇ ಫೋನು ಗುರ್ ಅಂತು. ಮತ್ತೆ ಗುರ್. ಥಾಣೆ ಹತ್ತಿರ ಬರುವಷ್ಟರಲ್ಲಿ ಏಳು ಸಲ. ನನ್ನ ಬ್ಯಾಗಿಗೆ ಪಕ್ಕೆಲುಬು ಕೊಟ್ಟು ನಿಂತಿದ್ದ ಪುಣ್ಯಾತ್ಮ ಕೊನೆಗೆ ತಡೆಯಲಾರದೆ, 'ಭಾಯ್‌ಸಾಬ್, ದೇಖ್ ಲೋ ನಾ, ಅರ್ಜೆಂಟ್ ಹೋಗಾ' ಅಂದ. ನೋಡೋಕೆ ಕೈ ಬೇಕಲ್ಲ ಮಾರಾಯ.

ಥಾಣೆಯಲ್ಲಿ ನಾನು ಇಳಿಯಲಿಲ್ಲ, ಜನ ಇಳಿಸಿದರು. ಐರೋಲಿಯ ಗಾಡಿಗೆ ಕಾಯುತ್ತಾ ಅರ್ಜೆಂಟ್ ಏನು ಅಂತ ನೋಡಿದೆ. ಮೂರು ವಾರದ ಹಿಂದೆ ನಾನು 'ಓಕೆ' ಅಂದಿದ್ದಕ್ಕೆ ಈಗ ಐದು ಜನ ಹೆಬ್ಬೆರಳು ಎತ್ತಿದ್ದರು. ಆರನೆಯದು, ನಾನು ಕಂಡು ಕೇಳದ ಒಬ್ಬರ ಹುಟ್ಟುಹಬ್ಬ. ಏಳನೆಯದು, ಆಫೀಸಿನವರೆಲ್ಲ ಚಾಟ್ ಮಾಡುವ, ಫೈಲ್ ಹಂಚುವ ಆ್ಯಪ್‌ನದೇ ಸ್ವಂತ ಸಂದೇಶ: ನಿಮ್ಮ ನೋಟಿಫಿಕೇಶನ್ ಅನುಭವವನ್ನು ಸುಧಾರಿಸಿದ್ದೇವೆ, ಇನ್ನು ಮೇಲೆ ಮುಖ್ಯವಾದದ್ದು ಮಾತ್ರ ನಿಮ್ಮನ್ನು ತಲುಪುತ್ತದೆ.

ಮುಖ್ಯವಾದದ್ದು ಯಾವುದು ಅಂತ ತೋರಿಸಿಯೇ ಸುಧಾರಣೆ ಶುರು ಮಾಡಿದ್ದರು. ಎಂಥ ಸಜ್ಜನರು!

ಆ್ಯಪ್ ಯಾವುದು ಅಂತ ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ನಿಮ್ಮ ಆಫೀಸಿನದೂ ಅದರ ತಮ್ಮನೋ ತಂಗಿಯೋ ಆಗಿರುತ್ತದೆ. ಸೆಟ್ಟಿಂಗ್ಸ್ ತೆಗೆದೆ. ಸಾಲು ಸಾಲು ಗುಂಡಿಗಳು, ಎಲ್ಲವೂ ಆನ್. ಮದುವೆ ಮುಗಿದ ಮೇಲೆ ಛತ್ರದ ಲೈಟ್ ಆರಿಸುವವನ ಹಾಗೆ ಒಂದೊಂದೇ ಆರಿಸುತ್ತಾ ಹೋದೆ. ಪ್ರತಿ ಸಲವೂ 'ಖಚಿತವೇ? ಮುಖ್ಯವಾದದ್ದು ತಪ್ಪಿಹೋಗಬಹುದು' ಅಂತ ಹೆದರಿಸಿತು. ಮುಗಿಯಿತು ಅಂದುಕೊಂಡರೆ, ಅದು ಬರೀ ಫೋನಿಗಂತೆ. ಲ್ಯಾಪ್‌ಟಾಪಿಗೆ ಬೇರೆ, ಈಮೇಲ್‌ಗೆ ಬೇರೆ. ಒಂದೇ ಹುಟ್ಟುಹಬ್ಬ ಮೂರು ಬಾಗಿಲಿನಿಂದ ಒಳಗೆ ಬರುತ್ತದೆ.

ಇಷ್ಟೆಲ್ಲ ತಿಳಿಸುವ ಉತ್ಸಾಹ ಇರುವ ಇದೇ ಆ್ಯಪ್, ಬೇಕಾದ ಫೈಲ್ ಕೇಳಿದರೆ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತದೆ. 'ನಿಮಗೆ ಅನುಮತಿ ಇಲ್ಲ. ಅನುಮತಿ ಕೋರಿ.' ಕಳೆದ ತಿಂಗಳು ಒಂದು ಫೈಲಿಗೆ ಹೀಗೆ ಕೋರಿದೆ. ಎರಡು ನಿಮಿಷಕ್ಕೆ ನನ್ನ ಇನ್ನೊಂದು ಈಮೇಲ್‌ಗೆ ಪತ್ರ ಬಂತು: ಒಬ್ಬರು ನಿಮ್ಮ ಫೈಲ್ ನೋಡಲು ಬಯಸಿದ್ದಾರೆ. ಆ ಒಬ್ಬರು ನಾನೇ. ಫೈಲ್ ಮಾಡಿದವನೂ ನಾನೇ. ಆಫೀಸಿನ ಅಕೌಂಟಿನಲ್ಲಿ ಮಾಡಿದ್ದನ್ನು ಮನೆಯ ಅಕೌಂಟಿನಲ್ಲಿ ತೆಗೆಯಲು ಹೋಗಿದ್ದೆ. ತಕ್ಷಣ ಒಪ್ಪಿಗೆ ಕೊಡಬಹುದಿತ್ತು. ಆದರೆ ಅಧಿಕಾರ ಅನ್ನೋದು ಕೈಗೆ ಬಂದಾಗ ಮನುಷ್ಯ ಬದಲಾಗುತ್ತಾನೆ ನೋಡಿ. ಊಟ ಆಗಲಿ, ಆಮೇಲೆ ನೋಡೋಣ ಅಂತ ಅರ್ಜಿಯನ್ನು ಪಕ್ಕಕ್ಕಿಟ್ಟೆ.

ಕಂಪ್ಯೂಟರ್ ಓದಿದವರಿಗೆ ಇದೆಲ್ಲ ಹೊಸದಲ್ಲ. ಸಾಲ್ಟ್ಜರ್ ಮತ್ತು ಶ್ರೋಡರ್ ಅನ್ನುವ ಇಬ್ಬರು 1975ರಲ್ಲೇ ಬರೆದಿಟ್ಟಿದ್ದಾರೆ: ಯಾರಿಗೇ ಆಗಲಿ, ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ, ಒಂದು ಗುಲಗಂಜಿಯೂ ಜಾಸ್ತಿ ಬೇಡ. ಆ ಹೊತ್ತಿಗೆ ನಮ್ಮ ಸೋದರಮಾವ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗಿದ್ದರು. ಟೇಬಲ್ ಒರೆಸುವ ಬಟ್ಟೆ ಅವರ ಕೈಯಲ್ಲಿ, ನೀರಿನ ಲೋಟ ಅವರ ಕೈಯಲ್ಲಿ. ಅಡುಗೆಮನೆಗೆ ಹೋಗಬಹುದು, ಆದರೆ ದೋಸೆಕಲ್ಲಿನ ಹತ್ತಿರ ನಿಂತರೆ ಭಟ್ರು ಸಟ್ಟುಗ ಎತ್ತುತ್ತಿದ್ದರು. ಗಲ್ಲಾ ಅಂತೂ ದೇವರ ಕೋಣೆ. ಸ್ಟೋರಿನಿಂದ ಒಂದು ಚೀಲ ಉದ್ದಿನಬೇಳೆ ತರಬೇಕು ಅಂದರೆ ಧಣಿಗಳು ಸೊಂಟದ ಗೊಂಚಲಿನಿಂದ ಒಂದೇ ಒಂದು ಬೀಗದಕೈ ಬಿಡಿಸಿ ಕೊಡುತ್ತಿದ್ದರಂತೆ. ಚೀಲ ಇಳಿಸುವ ಮೊದಲೇ ಬೀಗದಕೈ ವಾಪಸು ಕೇಳುತ್ತಿದ್ದರಂತೆ. ಕೆಲಸ ಬಿಟ್ಟು ಊರಿಗೆ ಹೋದವನ ಹತ್ತಿರ ಸ್ಟೋರಿನ ಬೀಗದಕೈ ಉಳಿಯಿತು ಅನ್ನುವ ಕತೆ ಆ ಹೋಟೆಲಿನಲ್ಲಿ ಇಲ್ಲ. ನಮ್ಮ ಆಫೀಸಿನಲ್ಲಿ ಎರಡು ವರ್ಷದ ಹಿಂದೆ ಕೆಲಸ ಬಿಟ್ಟವನು ಇವತ್ತಿಗೂ ಆ್ಯಪ್‌ನ ಒಂದು ಚಾಟ್ ಗುಂಪಿಗೆ, ಅಂದರೆ ಚಾನೆಲ್‌ಗೆ ಅಡ್ಮಿನ್. ಹೊಸಬರನ್ನು ಸೇರಿಸಬೇಕಾದರೆ ಅವನಿಗೆ ಫೋನ್ ಮಾಡುತ್ತೇವೆ. ಒಳ್ಳೆಯ ಹುಡುಗ, ಪಾಪ, ಎತ್ತುತ್ತಾನೆ.

ಇನ್ನು ಆ ಹೋಟೆಲಿನ ನೋಟಿಫಿಕೇಶನ್. 'ಎರಡು ಮಸಾಲೆ, ಒಂದು ಸಾದಾ' ಅಂತ ಸಪ್ಲಾಯರ್ ಕೂಗಿದರೆ ಇಡೀ ಹೋಟೆಲಿಗೆ ಕೇಳುತ್ತದೆ, ತಿರುಗಿ ನೋಡುವವರು ಭಟ್ರು ಒಬ್ಬರೇ. ಏಳನೇ ಟೇಬಲಿನವರಿಗೆ ಚಟ್ನಿ ಇಷ್ಟವಾಯಿತು ಅಂತ ನಾಲ್ಕನೇ ಟೇಬಲಿಗೆ ಯಾರೂ ಹೋಗಿ ಹೇಳುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಕನ್ನಡ ಸಂಘದ ವಿಷಯಕ್ಕೆ ಬರಲೇಬೇಕು. ರಾಜ್ಯೋತ್ಸವ ಸಮಿತಿಯಲ್ಲಿ ಒಂಬತ್ತು ಜನ. ಕಾರ್ಯದರ್ಶಿಗಳ ಮಗ ಐಟಿಯವನು, ಈ ಸಲ ವ್ಯವಸ್ಥಿತವಾಗಿ ಮಾಡೋಣ ಅಂತ ಇಂಥದ್ದೇ ಒಂದು ಆ್ಯಪ್ ತಂದ. ಒಂಬತ್ತು ಜನಕ್ಕೆ ಹದಿನಾಲ್ಕು ಚಾನೆಲ್. ವೇದಿಕೆಗೊಂದು, ಧ್ವನಿವರ್ಧಕಕ್ಕೊಂದು, ಉಪ್ಪಿಟ್ಟಿಗೊಂದು, ಕೇಸರಿಬಾತಿಗೆ ಬೇರೆಯೇ ಒಂದು. ನಮ್ಮ ಖಜಾಂಚಿಗಳು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. '@ಚಾನೆಲ್' ಅಂತ ನೋಡಿ, 'ಚಾನೆಲ್‌ಗೆ ರೇಟ್ ಎಷ್ಟು ಅಂತ ಯಾರೂ ಹಾಕಿಲ್ಲವಲ್ಲ?' ಅಂದರು. ತಪ್ಪೇನಿದೆ? ಅವರು ಜೀವಮಾನವಿಡೀ ಆ ಚಿಹ್ನೆ ನೋಡಿದ್ದು ಬಿಲ್ಲಿನಲ್ಲಿ: ಅಕ್ಕಿ 10 ಕೆಜಿ @ 52. ರೇ ಟಾಮ್ಲಿನ್ಸನ್ ಅನ್ನುವ ಎಂಜಿನಿಯರ್ 1971ರಲ್ಲಿ ಅದನ್ನು ಈಮೇಲ್ ವಿಳಾಸಕ್ಕೆ ತಂದ. ಈಗ ಅದು ಕೂಗಿ ಕರೆಯುವ ಗಂಟೆ ಆಗಿದೆ. '@ಹಿಯರ್' ಅಂದರೆ ಈಗ ಆನ್‌ಲೈನ್ ಇರುವವರಿಗೆ ಮಾತ್ರ, '@ಚಾನೆಲ್' ಅಂದರೆ ಮಲಗಿದವರಿಗೂ. ಈ ವ್ಯತ್ಯಾಸ ಖಜಾಂಚಿಗಳಿಗೆ ತಿಳಿಸಿದೆವು. ಅವತ್ತಿನಿಂದ ಅವರು ಎರಡನ್ನೂ ಹಾಕುತ್ತಾರೆ, ಯಾವುದಕ್ಕೂ ಇರಲಿ ಅಂತ.

ದೊಡ್ಡ ಗಲಾಟೆ ಆಗಿದ್ದು ಅಧ್ಯಕ್ಷರದು. ಬಜೆಟ್ ಫೈಲ್ ತೆಗೆದರೆ ಅವರ ಹೆಸರಿನ ಮುಂದೆ 'ವೀಕ್ಷಕ' ಅಂತ ಇತ್ತು. ಮೂವತ್ತು ವರ್ಷದಿಂದ ಸಂಘಕ್ಕೆ ಕೈಯಿಂದ ದುಡ್ಡು ಹಾಕಿದ ಮನುಷ್ಯ. 'ಏನ್ರೀ ಇದು, ನಾನು ಅಧ್ಯಕ್ಷನೋ ಪ್ರೇಕ್ಷಕನೋ?' ಅಂತ ಸಭೆಯಿಂದ ಎದ್ದೇ ಬಿಟ್ಟರು. ಹುಡುಗ ಗಾಬರಿಯಾಗಿ ಅವರನ್ನು 'ಕಾಮೆಂಟರ್' ಮಾಡಿದ. ಅದೂ ಆಗಲಿಲ್ಲ, ನಾನೇನು ಟೀಕೆ ಮಾಡೋಕೆ ಇರೋದಾ ಅಂದರು. ಸಭಾಂಗಣದ ಬಾಡಿಗೆ ಕೊಡುವ ದಾನಿಗಳನ್ನು ಆ್ಯಪ್ 'ಗೆಸ್ಟ್' ಅಂತ ಕರೆದಿದ್ದು ಒಂದೇ ಸಮಾಧಾನ. ಅವರು ಮುಖ್ಯ ಅತಿಥಿ ಅಂತಲೇ ತಿಳಿದುಕೊಂಡಿದ್ದಾರೆ.

ಅದೇ ಹೊತ್ತಿಗೆ ಕಾರ್ಯಕ್ರಮ ಪಟ್ಟಿಯ ಫೈಲು ಮಾತ್ರ 'ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು' ಅಂತ ಬಾಯಿ ತೆರೆದುಕೊಂಡು ಕೂತಿತ್ತು. ಲಿಂಕು ವಾಟ್ಸಾಪ್‌ನಲ್ಲಿ ಕಲ್ಯಾಣದಿಂದ ಭಾಂಡುಪ್‌ವರೆಗೆ ಓಡಾಡಿತು. ರಾತ್ರಿ ಮಲಗುವಾಗ ಹನ್ನೊಂದು ಇದ್ದ ಕಾರ್ಯಕ್ರಮ ಬೆಳಗ್ಗೆ ಹತ್ತೊಂಬತ್ತು. ಅದರಲ್ಲಿ ಆರು ಭರತನಾಟ್ಯ. ತಿದ್ದಿದವರು ಯಾರು ಅಂತ ನೋಡಿದರೆ, 'ಅನಾಮಿಕ' ಅಂತ ಇತ್ತು. ಅನಾಮಿಕರ ಮಗಳು ಚೆನ್ನಾಗಿ ಕುಣಿಯುತ್ತಾಳೆ ಅಂತ ನಮಗೆಲ್ಲ ಗೊತ್ತು.

ಫೋನು ಹೀಗೆ ಗುರ್ ಅನ್ನುತ್ತಲೇ ಇರುವುದು ಯಾರೋ ಅವಸರದಲ್ಲಿ ಮಾಡಿದ ತಪ್ಪು ಅಂತ ನಾನು ಬಹಳ ದಿನ ನಂಬಿದ್ದೆ, ಅಲ್ಲವಂತೆ. ಇಂಥದ್ದೇ ಆಫೀಸ್ ಚಾಟ್ ಆ್ಯಪ್ ಮಾಡುವ ಸ್ಲ್ಯಾಕ್ ಕಂಪನಿ 2019ರಲ್ಲಿ ಷೇರು ಪೇಟೆಗೆ ಬರುವಾಗ ಸಲ್ಲಿಸಿದ ಕಾಗದದಲ್ಲಿ ಒಂದು ಹೆಮ್ಮೆಯ ಸಾಲಿದೆ. ದುಡ್ಡು ಕೊಡುವ ಗ್ರಾಹಕರ ಕಡೆಯ ಬಳಕೆದಾರರು ಕೆಲಸದ ದಿನ ಸರಾಸರಿ ಒಂಬತ್ತು ಗಂಟೆ ಕನೆಕ್ಟ್ ಆಗಿರುತ್ತಾರೆ, ಅದರಲ್ಲಿ ನಿಜವಾಗಿ ಬಳಸುವುದು ತೊಂಬತ್ತು ನಿಮಿಷಕ್ಕಿಂತ ಜಾಸ್ತಿ. ಉಳಿದ ಏಳು ಚಿಲ್ಲರೆ ಗಂಟೆ ಏನು ಮಾಡುತ್ತಾರೆ? ಗಂಟೆ ಯಾವಾಗ ಹೊಡೆಯುತ್ತದೋ ಅಂತ ಕಾಯುತ್ತಾರೆ. ಇಂಥ ಕಂಪನಿಗಳು ದಿನಕ್ಕೆ ಎಷ್ಟು ಜನ ಒಳಗೆ ಬಂದರು ಅಂತ ಎಣಿಸಿ ಷೇರುದಾರರಿಗೆ ತೋರಿಸುತ್ತವೆ. ಸುಮ್ಮನೆ ಕೂತ ಫೋನಿನಿಂದ ಆ ಲೆಕ್ಕ ಬೆಳೆಯುವುದಿಲ್ಲ. ಗುಂಡಿಗಳೆಲ್ಲ ಮೊದಲೇ ಆನ್ ಆಗಿರುವುದು ಸುಮ್ನೆ ಅಲ್ಲ.

ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಬಿಟ್ಟಿರುವ ಹಕ್ಕಿನ ಬಗ್ಗೆ ಕಾನೂನಿದೆ. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದ್ದೇ ಖಾಸಗಿ ಮಸೂದೆ, ಅಂದರೆ ಸರ್ಕಾರ ತಂದದ್ದಲ್ಲದ, ಸಂಸದರು ತಾವೇ ತರುವ ಮಸೂದೆ, ಇಟ್ಟರು. 2025ರ ಡಿಸೆಂಬರ್‌ನಲ್ಲಿ ಮತ್ತೆ ಇಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಈವರೆಗೆ ಕಾನೂನಾದ ಖಾಸಗಿ ಮಸೂದೆಗಳು ಹದಿನಾಲ್ಕು, ಕೊನೆಯದು 1970ರಲ್ಲಿ. ಅಲ್ಲೂ 'ಅನುಮತಿ ಕೋರಿ' ಗುಂಡಿ ಒತ್ತಿ ಕೂತಿದ್ದೇವೆ.

ನನಗೆ ಸುಸ್ತಾಗಿದೆ. ತಮಾಷೆ ಮಾಡುವ ಮನಸ್ಸೂ ಇಲ್ಲ. ಹೋದ ಗುರುವಾರ ಸಂಜೆ ಏಳರಿಂದ ಒಂಬತ್ತರವರೆಗೆ ಫೋನು ನಲವತ್ತು ಸಲ ಹೊಡೆದುಕೊಂಡಿತು. ಒಂದರಲ್ಲೂ ನನ್ನ ಕೆಲಸ ಇರಲಿಲ್ಲ. ಊಟದ ತಟ್ಟೆ ಮುಂದೆ ಮಗಳು, 'ಅಪ್ಪಾ, ಅದನ್ನ ಆ ಕೋಣೆಗೆ ಹಾಕು' ಅಂದಳು. ಸೈಲೆಂಟ್ ಮಾಡಿ ಕಪಾಟಿನಲ್ಲಿಟ್ಟೆ.

ಒಂಬತ್ತೂವರೆಗೆ ಅಮ್ಮ ಊರಿಂದ ಫೋನ್ ಮಾಡಿದ್ದಾರೆ. ಮೂರು ಸಲ. ಉಡುಪಿಯಿಂದ ಹೊರಟ ಬಸ್ಸಿನಲ್ಲಿ ಹಲಸಿನ ಹಪ್ಪಳದ ಕಟ್ಟು ಕಳಿಸಿದ್ದಾರೆ, ಬೆಳಗ್ಗೆ ಸಾಯನ್‌ನಲ್ಲಿ ನಿಂತು ಇಳಿಸಿಕೊಳ್ಳಬೇಕಿತ್ತು. ನಾನು ನೋಡಿದ್ದು ಮರುದಿನ, ಲೋಕಲ್ ಇಳಿದ ಮೇಲೆ. ಹಪ್ಪಳ ಆಗಲೇ ಬೋರಿವಲಿಗೆ ಹೋಗಿತ್ತು. ಬಸ್ಸಿನವನಿಗೆ ಫೋನ್ ಮಾಡಿದೆ, ಒಂದೇ ರಿಂಗಿಗೆ ಎತ್ತಿದ. 'ಬೋರಿವಲಿ ಆಫೀಸಲ್ಲಿ ಇಳಿಸಿದ್ದೇನೆ ಅಣ್ಣ, ಭಾನುವಾರ ಬಂದು ತಗೊಳ್ಳಿ. ಮೇಲೆ ನಿಮ್ಮ ಹೆಸರು ಬರೆದಿದೆ, ಬೇರೆಯವರಿಗೆ ಕೊಡಲ್ಲ.'