ಕಾರ್ಮಿಕ ಸಂಬಂಧಗಳ ಪಾಠ ಸಮೀಕ್ಷೆಯ ಅಂಕಿಗಳಿಂದ ಶುರುವಾಗಬೇಕೇ? ಪರ-ವಿರೋಧ

ಪರ: ಕೋಷ್ಟಕ ತೆರೆಯಿರಿ, ಕಲಮು ಆಮೇಲೆ

ಎಂ.ಎಸ್.ಡಬ್ಲ್ಯೂ, ಎಂಬಿಎ ತರಗತಿಗಳಲ್ಲಿ ಕಾರ್ಮಿಕ ಸಂಬಂಧ ಎಂದರೆ ಇಂದಿಗೂ ಅಮೆರಿಕದ ವಿದ್ವಾಂಸ ಜಾನ್ ಡನ್‌ಲಪ್ 1958ರಲ್ಲಿ ಕೊಟ್ಟ ಚೌಕಟ್ಟು, ಅದರ ಬೆನ್ನಿಗೆ ಕಾಯ್ದೆಯ ಕಲಮುಗಳು. ಕಾರ್ಮಿಕ, ಆಡಳಿತ, ಸರ್ಕಾರ ಎಂಬ ಮೂರು ಪಾತ್ರಧಾರಿಗಳ ಹೆಸರು ಬರೆದರೆ ಅಂಕ ಬಂತು. ಈ ಮೂವರು ಎಷ್ಟು ಕಡೆ ನಿಜಕ್ಕೂ ಎದುರುಬದುರು ಕೂರುತ್ತಾರೆ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಅದನ್ನು ಕೇಳುವುದಕ್ಕೆಂದೇ ಹುಟ್ಟಿದ್ದು ಬ್ರಿಟನ್ನಿನ ಕೆಲಸದ ಸ್ಥಳಗಳ ಸಮೀಕ್ಷೆ, ಈಗಿನ ಹೆಸರಿನಲ್ಲಿ ‘ವರ್ಸ್’. 1980, 1984, 1990, 1998, 2004, 2011 ಹೀಗೆ ಆರು ಸಲ ನಡೆದಿದೆ. ಕೊನೆಯದರಲ್ಲಿ 2,680 ಕೆಲಸದ ಸ್ಥಳಗಳಿವೆ, 21,981 ನೌಕರರಿದ್ದಾರೆ. ಒಂದೇ ಸ್ಥಳದಲ್ಲಿ ಮ್ಯಾನೇಜರನ್ನು ಮಾತಾಡಿಸುತ್ತಾರೆ, ಕಾರ್ಮಿಕ ಪ್ರತಿನಿಧಿ ಇದ್ದರೆ ಅವರನ್ನೂ ಮಾತಾಡಿಸುತ್ತಾರೆ, ಜೊತೆಗೆ ಹೆಚ್ಚೆಂದರೆ 25 ನೌಕರರ ಕೈಗೆ ಪ್ರಶ್ನಾವಳಿ ಕೊಡುತ್ತಾರೆ. ‘ಬದಲಾವಣೆಗೆ ಮೊದಲು ಸಿಬ್ಬಂದಿಯನ್ನು ಕೇಳುತ್ತೇವೆ’ ಎಂದ ಮ್ಯಾನೇಜರ್ ಒಂದು ಕಡತದಲ್ಲಿ, ಅವರ ಕೈಕೆಳಗಿನವರ ಉತ್ತರ ಇನ್ನೊಂದು ಕಡತದಲ್ಲಿ. ಎರಡನ್ನೂ ಸ್ಥಳದ ಕ್ರಮಸಂಖ್ಯೆಯಿಂದ ಜೋಡಿಸಿ ಪಕ್ಕಪಕ್ಕ ಇಟ್ಟರೆ ಉಪನ್ಯಾಸಕರು ಬಾಯಿ ಬಿಡುವ ಅಗತ್ಯವೇ ಇರುವುದಿಲ್ಲ.

ಮೊದಲ ಅಭ್ಯಾಸ ಕಪ್ಪುಹಲಗೆಯ ಮೇಲೆ ಸಾಕು. 100 ಸ್ಥಳಗಳಿವೆ ಎನ್ನಿ. 95ರಲ್ಲಿ ತಲಾ 10 ಮಂದಿ, 5ರಲ್ಲಿ ತಲಾ 400 ಮಂದಿ. ಕಾರ್ಮಿಕ ಸಂಘ ಇರುವುದು ಆ ಐದರಲ್ಲಿ ಮಾತ್ರ. ಸ್ಥಳಗಳ ಲೆಕ್ಕಕ್ಕೆ ಸಂಘದ ಹರವು ಶೇ. 5. ನೌಕರರ ಲೆಕ್ಕಕ್ಕೆ 2,950ರಲ್ಲಿ 2,000, ಅಂದರೆ ಸುಮಾರು ಶೇ. 68. ‘ಸಂಘಗಳು ಸತ್ತಿವೆ’, ‘ಸಂಘಗಳು ಗಟ್ಟಿಯಾಗಿವೆ’ ಎಂಬ ಎರಡೂ ಸುದ್ದಿಶೀರ್ಷಿಕೆ ಇದೇ ಅಂಕಿಯಿಂದ ಹುಟ್ಟಬಹುದು. ಪತ್ರಿಕೆ ಓದುವ ಯಾರಿಗಾದರೂ ಇದು ಬೇಕು.

ಎರಡನೆಯದು ಕಂಪ್ಯೂಟರ್ ಮುಂದೆ. ವರ್ಸ್ ದೊಡ್ಡ ಸ್ಥಳಗಳನ್ನು ಬೇಕೆಂದೇ ಹೆಚ್ಚು ಆರಿಸಿರುತ್ತದೆ. ಆ ಏರುಪೇರನ್ನು ಸರಿದೂಗಿಸುವ ತೂಕ ಹಾಕದೆ ಸರಾಸರಿ ತೆಗೆದರೆ ಸಂಘ ಇರುವ ಸ್ಥಳಗಳ ಪಾಲು ಉಬ್ಬಿ ಕಾಣುತ್ತದೆ. ‘ಗೊತ್ತಿಲ್ಲ’, ‘ಅನ್ವಯಿಸದು’ ಎಂಬ ಉತ್ತರಗಳು ಋಣ ಸಂಖ್ಯೆಗಳಾಗಿ ಕೂತಿರುತ್ತವೆ. ತೆಗೆಯದಿದ್ದರೆ ಸರಾಸರಿ ಕೆಳಗೆ ಜಾರುತ್ತದೆ. ಈ ಎರಡು ತಪ್ಪನ್ನೂ ವಿದ್ಯಾರ್ಥಿ ಒಮ್ಮೆ ಮಾಡಲಿ, ತಡೆಯಬೇಡಿ.

ಆಮೇಲೆ ಮನೆಗೆ ಬನ್ನಿ. ನಮ್ಮ ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಬಿಡಿ ದತ್ತಾಂಶ, ಅಂದರೆ ಒಂದೊಂದು ಕಾರ್ಖಾನೆಯ ಉತ್ತರ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಉದ್ಯೋಗದ ಭಾಗ ತೆರೆದರೆ ನೇರ ನೇಮಕದ ಗಂಡಸರು, ಹೆಂಗಸರು, ಗುತ್ತಿಗೆದಾರರ ಮೂಲಕ ಬಂದವರು, ಮೇಲ್ವಿಚಾರಕರು ಎಲ್ಲ ಬೇರೆ ಬೇರೆ ಸಾಲುಗಳಲ್ಲಿದ್ದಾರೆ. ನಡುವೆ ಉಪಮೊತ್ತದ ಸಾಲುಗಳೂ ಇವೆ. ಕಣ್ಣುಮುಚ್ಚಿ ಕೂಡಿದರೆ ಒಬ್ಬನೇ ಕಾರ್ಮಿಕ ಎರಡು ಮೂರು ಸಲ ಎಣಿಕೆಯಾಗುತ್ತಾನೆ. ಗುತ್ತಿಗೆ ಪಾಲು ಬೇಕಾದರೆ ಪ್ರತಿ ಕಾರ್ಖಾನೆಯ ಗುತ್ತಿಗೆ ಸಂಖ್ಯೆಯನ್ನು ಅದರ ಗುಣಕದಿಂದ (ಆ ಕಾರ್ಖಾನೆ ಎಷ್ಟು ಕಾರ್ಖಾನೆಗಳನ್ನು ಪ್ರತಿನಿಧಿಸುತ್ತದೆ ಎಂಬ ಸಂಖ್ಯೆಯಿಂದ) ಗುಣಿಸಿ ಕೂಡಿ, ಒಟ್ಟು ಕಾರ್ಮಿಕರನ್ನೂ ಹಾಗೆಯೇ ಗುಣಿಸಿ ಕೂಡಿ, ಆಮೇಲೆ ಭಾಗಿಸಿ. ಕಾರ್ಖಾನೆವಾರು ಶೇಕಡಾವಾರುಗಳ ಸರಾಸರಿ ತೆಗೆದರೆ ಹತ್ತು ಜನರ ಕಾರ್ಖಾನೆಗೂ ಸಾವಿರ ಜನರದ್ದಕ್ಕೂ ಒಂದೇ ಬೆಲೆ ಬಂದುಬಿಡುತ್ತದೆ. ಛೇದದಲ್ಲಿ ಮ್ಯಾನೇಜರುಗಳನ್ನು ಸೇರಿಸಿದರೆ ಪಾಲು ತಾನಾಗಿ ಇಳಿಯುತ್ತದೆ. ಸರಿಯಾಗಿ ಮಾಡಿದರೆ 2022-23ರಲ್ಲಿ ದೇಶದ ಮಟ್ಟದ ಉತ್ತರ ಶೇ. 40ನ್ನು ದಾಟುತ್ತದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಗುತ್ತಿಗೆ ಕಾರ್ಮಿಕ ಕಾಯ್ದೆಯನ್ನು ಇದಾದ ಮೇಲೆ ಓದಿಸಿ. ಆ ಕಲಮುಗಳು ಯಾರ ಬೆನ್ನಿಗೆ ಬಂದವು, ಎಷ್ಟು ಮಂದಿಯನ್ನು ತಲುಪಲಿಲ್ಲ ಎಂಬುದು ಆಗ ತರಗತಿಗೆ ತಾನಾಗಿ ಕಾಣುತ್ತದೆ.

ವಿರೋಧ: ಸಂಬಳದ ಚೀಟಿ ಓದಲು ಬಾರದವರಿಗೆ ಗುಣಕ ಏಕೆ?

ಗುಣಕದ ಲೆಕ್ಕ ಸರಿಯೇ ಇದೆ. ತಕರಾರು ಇರುವುದು ‘ಶುರು’ ಎಂಬ ಮಾತಿನ ಮೇಲೆ.

ಕೈಗಾರಿಕಾ ಸಮೀಕ್ಷೆಯ ನಮೂನೆಗೆ ಉತ್ತರ ಹೋಗುವುದು ಕಾರ್ಖಾನೆಯ ಕಚೇರಿಯಿಂದ, ಅಲ್ಲಿನ ದಫ್ತರುಗಳಿಂದ. ಕಾರ್ಮಿಕರ ಬಾಯಿ ಅದರಲ್ಲಿಲ್ಲ. ಬ್ರಿಟನ್ನಿನ ಸಮೀಕ್ಷೆಯ ಹೆಚ್ಚುಗಾರಿಕೆ ಏನೆಂದು ಹೊಗಳಲಾಯಿತೋ ಅದೇ ನಮ್ಮಲ್ಲಿ ನಾಪತ್ತೆ. ವಿದ್ಯುತ್ ಇದ್ದರೆ 10, ಇಲ್ಲದಿದ್ದರೆ 20 ಕಾರ್ಮಿಕರಿರುವ ಕಾರ್ಖಾನೆಗಳೇ ಅದರ ಮುಖ್ಯ ವ್ಯಾಪ್ತಿ. ಪೀಣ್ಯದ ಆರೇಳು ಜನರ ಲೇತ್ ಶೆಡ್ ಹೊರಗೆ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಯೂ ಹೊರಗೆ. ಬೆಂಗಳೂರಿನಲ್ಲಿ ಕೂತು ಪಾಠ ಮಾಡುವವರಿಗೆ ಉಳಿಯುವುದು ಎಷ್ಟು?

ಗುತ್ತಿಗೆ ಕಾರ್ಮಿಕ ಅಲ್ಲಿ ಬರೀ ಒಂದು ಸಂಖ್ಯೆ. ಅವನ ಗುತ್ತಿಗೆದಾರ ಯಾರು, ಎಷ್ಟು ಮಂದಿ ಗುತ್ತಿಗೆದಾರರು ಎಂಬುದಕ್ಕೆ ಅಂಕಣವಿಲ್ಲ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ಐಫೋನ್ ಜೋಡಣಾ ಕಾರ್ಖಾನೆಯಲ್ಲಿ ಗಲಭೆಯಾಯಿತಲ್ಲ, ಅಲ್ಲಿ ಹೆಚ್ಚಿನವರು ಹಲವು ಏಜೆನ್ಸಿಗಳ ಮೂಲಕ ಬಂದವರು. ದುಡಿದ ಗಂಟೆಗೂ ಕೈಗೆ ಬಂದ ಸಂಬಳಕ್ಕೂ ತಾಳೆಯಾಗದಿರುವುದೇ ಅವರ ದೂರು. ಸಮೀಕ್ಷೆಯ ಭಾಷೆಯಲ್ಲಿ ಅದು ಇಷ್ಟು ಕಾರ್ಮಿಕರು, ಇಷ್ಟು ಮಾನವ ದಿನಗಳು.

2016ರ ಏಪ್ರಿಲ್ ಇನ್ನೂ ಒಳ್ಳೆಯ ಉದಾಹರಣೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಫೆಬ್ರವರಿಯ ಅಧಿಸೂಚನೆಯ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏಪ್ರಿಲ್ 18, 19ರಂದು ಹೊಸೂರು ರಸ್ತೆ ತಡೆದರು. ಸಂಘಗಳ ಕರೆ ಇರಲಿಲ್ಲ. 19ರಂದೇ ಕೇಂದ್ರ ಆದೇಶ ಹಿಂಪಡೆಯಿತು. ‘ಇಲ್ಲಿ ಸಂಘ ಇದೆಯೇ’ ಎಂಬ ಪ್ರಶ್ನೆಗೆ ಆ ಕಾರ್ಖಾನೆಗಳಲ್ಲಿ ಬಹುಪಾಲು ‘ಇಲ್ಲ’ ಎಂದೇ ಬರುತ್ತಿತ್ತು, ವಿದ್ಯಾರ್ಥಿ ‘ಸಂಬಂಧ ಶಾಂತ’ ಎಂದು ಬರೆದು ಅಂಕ ಪಡೆಯುತ್ತಿದ್ದ.

ಕಾಲದ ಪ್ರಶ್ನೆಯೂ ಇದೆ. ಕಡತ ಇಳಿಸಿ, ಸಂಕೇತ ಬಿಡಿಸಿ, ಜೋಡಿಸಿ, ತೂಕ ಹಾಕುವಷ್ಟರಲ್ಲಿ ಸೆಮಿಸ್ಟರಿನ ನಾಲ್ಕೈದು ವಾರ ಮುಗಿಯುತ್ತದೆ, ಅದೂ ಲ್ಯಾಬ್‌ನಲ್ಲಿ ಎಲ್ಲ ಯಂತ್ರ ನಡೆಯುತ್ತಿದ್ದರೆ. ಕರ್ನಾಟಕ, ಉಡುಪು ಉದ್ಯಮ, ದೊಡ್ಡ ಕಾರ್ಖಾನೆ ಎಂದು ಸೋಸುತ್ತಾ ಹೋದರೆ ಕೊನೆಗೆ ಕೋಷ್ಟಕದ ಮನೆಯಲ್ಲಿ ಕೈಬೆರಳೆಣಿಕೆಯ ಘಟಕಗಳು ಉಳಿಯುತ್ತವೆ. ಅದರಿಂದ ಶೇಕಡಾವಾರು ಹೇಳುವಂತಿಲ್ಲ.

ಹಾಗಾದರೆ ಶುರು ಎಲ್ಲಿಂದ? ಸಂಬಳದ ಚೀಟಿಯಿಂದ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂ. ಎಂದಿಟ್ಟುಕೊಳ್ಳಿ, ಬೇರೆ ಭತ್ಯೆ ಇಲ್ಲ. ಪಿಎಫ್ ಶೇ. 12ರಂತೆ 1,560 ಹೋಗಬೇಕು. ಇಎಸ್‌ಐ ಶೇ. 0.75ರಂತೆ 97.50, ಅಂದರೆ 98. 26 ದಿನ, 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ 62.50; ಓಟಿ, ಅಂದರೆ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು, 125. ತಿಂಗಳಿಗೆ 20 ಗಂಟೆ ಓಟಿ ಮಾಡಿದವಳ ಚೀಟಿಯಲ್ಲಿ 2,500 ಇರಬೇಕಾದಲ್ಲಿ 1,250 ಇದ್ದರೆ ಅಲ್ಲೇ ಪಾಠ ಶುರುವಾಯಿತು: ಯಾರನ್ನು ಕೇಳಬೇಕು? ಲೈನ್ ಸೂಪರ್‌ವೈಸರೋ, ಎಚ್‌ಆರೋ, ಏಜೆನ್ಸಿಯೋ, ಲೇಬರ್ ಇನ್‌ಸ್ಪೆಕ್ಟರೋ?

ಎರಡನೇ ವಾರ ಒಂದು ಹಳೆಯ ವೇತನ ಒಪ್ಪಂದ ತಂದು ಓದಿಸಿ. 1947ರ ಕೈಗಾರಿಕಾ ವಿವಾದ ಕಾಯ್ದೆಯಡಿ ಸಂಧಾನಾಧಿಕಾರಿಯ ಮುಂದೆ ಕಲಮು 12(3)ರಂತೆ ಆದ ಒಪ್ಪಂದ ಆ ಕಾರ್ಖಾನೆಯ ಎಲ್ಲರನ್ನೂ, ನಾಳೆ ಸೇರುವವರನ್ನೂ ಕಟ್ಟಿಹಾಕುತ್ತಿತ್ತು. ತಮ್ಮತಮ್ಮಲ್ಲೇ 18(1)ರಂತೆ ಮಾಡಿಕೊಂಡದ್ದು ಸಹಿ ಹಾಕಿದ ಪಕ್ಷಗಳಿಗಷ್ಟೇ. ಎರಡು ಸಂಘಗಳಿರುವ ಕಾರ್ಖಾನೆಯಲ್ಲಿ ಆಡಳಿತವರ್ಗ ಯಾವ ದಾರಿ ಹಿಡಿಯಿತು ಎಂಬುದರಲ್ಲೇ ಅರ್ಧ ಕಥೆ ಇರುತ್ತದೆ. ಸಮೀಕ್ಷೆಯ ‘ಸಾಮೂಹಿಕ ಒಪ್ಪಂದ ಇದೆಯೇ? ಹೌದು/ಇಲ್ಲ’ ಎಂಬಲ್ಲಿ ಎರಡಕ್ಕೂ ‘ಹೌದು’ ಎಂದೇ ಬೀಳುತ್ತದೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಶೇ. 51 ಸದಸ್ಯಬಲ ಇರುವ ಸಂಘಕ್ಕೆ ಮಾತುಕತೆಯ ಹಕ್ಕು ಬಂದಿದೆ. ಆ 51ನ್ನು ಯಾವ ಪಟ್ಟಿಯಿಂದ ಎಣಿಸುತ್ತಾರೆ, ಗುತ್ತಿಗೆಯವರ ಹೆಸರು ಆ ಪಟ್ಟಿಯಲ್ಲಿರುತ್ತದೆಯೇ ಎಂಬ ಪ್ರಶ್ನೆಯನ್ನು ಇಷ್ಟು ಓದಿದ ವಿದ್ಯಾರ್ಥಿ ತಾನೇ ಎತ್ತುತ್ತಾನೆ. ಸಮೀಕ್ಷೆಯ ಕಡತವನ್ನು ಆ ದಿನ ತೆರೆಯಿರಿ, ಹತ್ತನೇ ವಾರವಾದರೂ ತಡವಲ್ಲ.