ಫುಕಟ್ ಕೊತ್ತಂಬರಿ

ನಿವೃತ್ತನಾದ ಮೇಲೆ ಮುಂಬೈ ಪಕ್ಕದ ಡೊಂಬಿವಲಿಯ ಮನೆಯಲ್ಲಿ ಸುಮ್ನೆ ಕೂತರೆ ಬೆಳ್ಳುಳ್ಳಿ ಸುಲಿಯುವ ಕೆಲಸ ಗ್ಯಾರಂಟಿ. ಅದಕ್ಕೇ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿಯಲು ಹೊರಟೆ. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಒಂದು ಹಳೇ ಪುಸ್ತಕವೂ ಸಿಕ್ಕಿತು. ನೂರು ರೂಪಾಯಿ.

ಅದರಲ್ಲಿದ್ದ ಲೆಕ್ಕ ಸುಲಭದ್ದೇ. ಬಳಸುವವರು ಒಂದೊಂದೇ ಸಂಖ್ಯೆ ಕೊಡಬೇಕು, ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡೋ ಭಾಗ, ಕೂಡುತ್ತಾ ಹೋಗಬೇಕು, ಸೊನ್ನೆ ಕೊಟ್ಟರೆ ನಿಲ್ಲಬೇಕು. ಬಳಸುವವರು ಅಂತ ಮನೆಯಲ್ಲಿ ಇನ್ಯಾರಿದ್ದಾರೆ? ತರಕಾರಿ ಚೀಲ ಹಿಡಿದು ಆಗ ತಾನೇ ಬಂದ ನನ್ನವಳನ್ನೇ ಕೂರಿಸಿದೆ.

ಬದನೆಗೆ 40 ಅಂತ ಒತ್ತಿದಳು. ಪರದೆ ತುಂಬಾ ಕೆಂಪು ಅಕ್ಷರ. ಸಂಖ್ಯೆಗೂ ಅಕ್ಷರಕ್ಕೂ ಕೂಡಿಬರೋದಿಲ್ಲ ಅಂತ ತಕರಾರು, ಥೇಟ್ ಜಾತಕ ನೋಡಿದ ಜೋಯಿಸರ ಹಾಗೆ. ಮೊತ್ತ ಅಂತ ಮೊದಲೇ ಇಟ್ಟಿದ್ದ ಸೊನ್ನೆಯ ಅಕ್ಕಪಕ್ಕ ಕೊಟೇಶನ್ ಮಾರ್ಕ್ ಹಾಕಿದೆ. ಅದೂ ಅಕ್ಷರವಾಯಿತು, ತಕರಾರು ನಿಂತಿತು. ಎಂಥಾ ತಲೆ ನನ್ನದು!

ಬದನೆ 40. ಟೊಮೆಟೊ 25. ಬೆಂಡೆ 60. ಮೊತ್ತ 0402560.

"ರೀ, ನಾಲ್ಕು ಲಕ್ಷದ ತರಕಾರಿನಾ?"

"ಸೊನ್ನೆ ಒತ್ತು, ನಿಲ್ಲುತ್ತೆ."

ನಿಲ್ಲಲಿಲ್ಲ. ನಲವತ್ತು ಲಕ್ಷವಾಯಿತು. ಇನ್ನೊಂದು ಸೊನ್ನೆಗೆ ನಾಲ್ಕು ಕೋಟಿ. ಮದುವೆ ಊಟದಲ್ಲಿ ಸಾಕು ಸಾಕು ಅಂದಷ್ಟೂ ಹೋಳಿಗೆ ಬೀಳುತ್ತಲ್ಲ, ಹಾಗೆ. "ಇನ್ನೂ ಒಂದು ಒತ್ತಲಾ? ದಾದರಿನಲ್ಲಿ ಫ್ಲ್ಯಾಟ್ ತಗೊಳ್ಳೋಣ" ಅಂದಳು.

ಸಂಜೆ ಲೋಕಲ್‌ನಲ್ಲಿ ನಜ್ಜುಗುಜ್ಜಾಗಿ ಬಂದ ಮಗಳು ಪುಸ್ತಕ ನೋಡಿಯೇ ನಕ್ಕಳು. ಅದು ಪೈಥಾನ್ 2ರ ಕಾಲದ್ದಂತೆ. ಅದರ 'ಇನ್‌ಪುಟ್', ಅಂದರೆ ಒತ್ತಿದ್ದನ್ನು ಓದೋ ಆಜ್ಞೆ, 40 ಒತ್ತಿದರೆ ಸಂಖ್ಯೆ ಅಂತಲೇ ತಿಳಿಯುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3ಕ್ಕೆ ಏನು ಒತ್ತಿದರೂ ಬರೀ ಅಕ್ಷರ. ಅಕ್ಷರಗಳನ್ನು ಕೂಡು ಅಂದರೆ ಪಕ್ಕಪಕ್ಕ ಅಂಟಿಸಿಬಿಡುತ್ತದೆ. ಲೂಪ್ ಕಾಯುತ್ತಿದ್ದ ಸೊನ್ನೆ ಸಂಖ್ಯೆ, ನನ್ನವಳು ಒತ್ತಿದ್ದು ಅಕ್ಷರ. ಇನ್ನೆಲ್ಲಿ ನಿಲ್ಲೋದು?

"ಇನ್‌ಪುಟ್ಟನ್ನ 'ಇಂಟ್' ಒಳಗೆ ಹಾಕಬೇಕು ಅಪ್ಪಾ, ಅದು ಅಕ್ಷರವನ್ನ ಸಂಖ್ಯೆ ಮಾಡುತ್ತೆ." ಹಾಕಿದಳು. ನನ್ನ ಕೊಟೇಶನ್ ಮಾರ್ಕುಗಳನ್ನು ಮಾತಾಡದೆ ಕಿತ್ತಳು. ಮೊತ್ತ 125.

ಮರುದಿನ ನಾನೇ ಚೀಲದ ದಾರಿ ಕಾಯುತ್ತಿದ್ದೆ. ಸೌತೆ 30.

"ಕೊತ್ತಂಬರಿ ಫುಕಟ್ ಕೊಟ್ಟ ಕಣ್ರೀ. ಎಷ್ಟು ಹಾಕಲಿ?"

"ಫುಕಟ್ ಅಂದ್ರೆ ಸೊನ್ನೆ, ಅಲ್ವಾ?"

ಹಾಕಿದಳು. ತಕ್ಷಣ ನಿಂತಿತು. ಒಟ್ಟು 30 ರೂಪಾಯಿ. ಚೀಲದಲ್ಲಿ ಇನ್ನೂ ಆಲೂಗಡ್ಡೆ, ನುಗ್ಗೆ, ಎರಡು ಕಿಲೋ ಈರುಳ್ಳಿ ಹಾಗೇ ಕೂತಿದ್ದವು.

"ಈ ಲೆಕ್ಕ ಆ ಭಾಜಿವಾಲಾಗೂ ಸ್ವಲ್ಪ ಹೇಳಿಕೊಡಿ" ಅಂದಳು, ಬೆಳ್ಳುಳ್ಳಿ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಾ.