ನಡುಮನೆಯ ವಿಳಾಸ

'ಹಲೋ' ಎಂಬುದನ್ನು ಎಷ್ಟು ರಾಗಗಳಲ್ಲಿ ಹೇಳಬಹುದೆಂದು ನನಗೆ ತಿಳಿದದ್ದು ನಮ್ಮ ಕಚೇರಿಗೆ ಇಂಟರ್ನೆಟ್ ಫೋನ್ ಬಂದ ವಾರ. ಗಂಟೆ ಬಾರಿಸುತ್ತಿತ್ತು, ಎತ್ತಿದರೆ ಆ ಕಡೆ ಸದ್ದೇ ಇಲ್ಲ. ಕ್ಯಾಷಿಯರ್ ಶೆಟ್ಟರು ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ, ಕೊನೆಗೆ ಹೊಳೆಯಾಚೆ ನಿಂತವರನ್ನು ಕೂಗುವ ಹಾಗೆ ಹಲೋ ಎಂದರು. "ಈ ಮನುಷ್ಯ ಬಾಯಲ್ಲಿ ಕಡುಬು ತುರುಕಿಕೊಂಡಿದ್ದಾನೇನೋ" ಎಂದು ಗೊಣಗಿ ರಿಸೀವರ್ ಇಟ್ಟರು.

ಕಂಪ್ಯೂಟರ್ ಬಲ್ಲವನೆಂಬ ಅಪವಾದ ನನ್ನ ಮೇಲಿದ್ದುದರಿಂದ ರಿಪೇರಿ ನನ್ನ ತಲೆಗೆ ಬಂತು. ರಿಸೀವರ್ ಬದಲಿಸಿದೆ, ವಾಲ್ಯೂಮ್ ಏರಿಸಿದೆ, ವೈರು ಕಿತ್ತು ಮತ್ತೆ ಚುಚ್ಚಿದೆ. ಎಲ್ಲ ದಂಡ. ತಪ್ಪಿದ್ದುದು ವಿಳಾಸದಲ್ಲಿ.

ಈ ಫೋನುಗಳಲ್ಲಿ ಗಂಟೆಯದೊಂದು ದಾರಿ, ದನಿಯದೊಂದು ದಾರಿ. ಕರೆಯನ್ನು ಕುದುರಿಸುವುದು ಸಿಪ್ ಎಂಬ ನಿಯಮಾವಳಿ. (ಹೆಸರು ಕೇಳಿ ಶೆಟ್ಟರು ಮ್ಯೂಚುವಲ್ ಫಂಡ್ ಎಂದುಕೊಂಡು ಕಿವಿ ನಿಮಿರಿಸಿದರು, ಅದಲ್ಲ.) ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಅದರ ವ್ಯವಹಾರ. ದನಿಯನ್ನು ಹೊರುವುದು ಇನ್ನೊಂದು ನಿಯಮಾವಳಿ, ಆರ್‌ಟಿಪಿ. ಮಾತನ್ನು ವಾಡಿಕೆಯಂತೆ ಸೆಕೆಂಡಿಗೆ 50 ಚೂರಿನಂತೆ ಹೆಚ್ಚಿ, ಸಿಪ್ ಹೇಳಿದ ವಿಳಾಸಕ್ಕೆ ಎಸೆಯುತ್ತದೆ. ನಮ್ಮ ಫೋನು ಕೊಟ್ಟಿದ್ದ ವಿಳಾಸ 192.168.1.23. ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿಟ್ಟ ಸಂಖ್ಯೆಯದು. ಪರವೂರಿನವರಿಗೆ ಕಾಗದ ಬರೆದು, ಉತ್ತರಿಸಬೇಕಾದ ವಿಳಾಸ 'ನಡುಮನೆ, ಕಿಟಕಿ ಪಕ್ಕದ ಬೆಂಚು' ಎಂದಂತಾಯಿತು. ಯಾರ ಮನೆಯಲ್ಲಿ ನಡುಮನೆ ಇಲ್ಲ? ಅವರ ಮಾತೆಲ್ಲ ದಾರಿಯಲ್ಲೇ ಕಳೆದುಹೋಗುತ್ತಿತ್ತು. ನಮ್ಮ ಮಾತು ಮಾತ್ರ ಅಲ್ಲಿಗೆ ಸ್ವಚ್ಛವಾಗಿ ತಲುಪುತ್ತಿತ್ತು, ಗೊಣಗಾಟದ ಸಮೇತ.

ಇಂಥ ವಿಳಾಸ ತಿದ್ದಲೆಂದೇ ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬೊಬ್ಬ ಮಹಾಶಯ ಕುಳಿತಿರುತ್ತಾನೆ. ಮದುವೆ ಮಾತುಕತೆಯಲ್ಲಿ ಯಾರೂ ಕೇಳದೆ ನಡುವೆ ಬಾಯಿ ಹಾಕುವ ದೊಡ್ಡಪ್ಪನ ಜಾತಿ. ಅರ್ಧ ತಿದ್ದಿ, ಸರಿಯಿದ್ದ ಅರ್ಧವನ್ನೂ ಕೆಡಿಸುತ್ತಾನೆ. ಮೊದಲು ಅವನನ್ನು ಆಫ್ ಮಾಡಿದೆ. ಫೋನಿನ ಸೆಟ್ಟಿಂಗಿನಲ್ಲಿ ಸ್ಟನ್ ಎಂಬುದನ್ನು ಆನ್ ಮಾಡಿದೆ. 'ನಾನು ನಿಮಗೆ ಯಾವ ವಿಳಾಸದಲ್ಲಿ ಕಾಣುತ್ತಿದ್ದೇನೆ?' ಎಂದು ಹೊರಗಿನ ಸರ್ವರನ್ನು ಕೇಳಿಕೊಂಡು ಬರುವ ಏರ್ಪಾಡು ಅದು. ಇಷ್ಟು ವಿನಯವನ್ನು ಫೋನಿಗೆ ಮೊದಲೇ ಏಕೆ ಕಲಿಸಿರಲಿಲ್ಲವೋ.

ಸ್ವಲ್ಪ ಹೊತ್ತಿಗೆ ಗಂಟೆ ಬಾರಿಸಿತು. ಶೆಟ್ಟರು ಅನುಮಾನದಿಂದಲೇ ಎತ್ತಿದರು. ಈ ಸಲ ದನಿ ಬಂತು, ಪಕ್ಕದ ಮೇಜಿಗೂ ಕೇಳುವಷ್ಟು.

"ಬಾಯಲ್ಲಿದ್ದ ಕಡುಬು ಮುಗಿಯಿತು ಶೆಟ್ಟರೇ. ಈಗ ಕೇಳಿಸುತ್ತಿದೆಯೇ?"